ಕೊಂಡಿ

ಯಾದಗಿರಿ, ಚಿತ್ತಾಪುರ ರಸ್ತೆ. ರುಕ್ಮೊದ್ದೀನನ ಗ್ಯಾರೇಜು.
ಬೆಳಿಗ್ಗೆ ಹತ್ತಕ್ಕೇ ಕಬ್ಬಿಣ ಮುಟ್ಟಿದರೆ ಸುಡುತ್ತದೆ.
ಗೋಣಿತಟ್ಟಿನ ಮೇಲೆ ಸಾಲಾಗಿ ಇಟ್ಟಿದ್ದಾನೆ
ಒಂದು ಗುಂಡು, ಒಂದು ಕೊಕ್ಕೆ, ಒಂದು ಬಿಲ್ಲು.
ಗಂಡಿನ ಫೋಟೊ ತೋರಿಸುವ ದಲ್ಲಾಳಿಯ ಹಾಗೆ
ಪಕ್ಕಕ್ಕೆ ಸರಿದು ಬೀಡಿ ಹಚ್ಚಿದ:
"ನೋಡ್ರಿ ಮೇಡಂ, ಯಾವುದು ಮನಸಿಗಿ ಬರ್ತದ ನೋಡ್ರಿ."

ನನ್ನ ಕೆಲಸ ಮಣ್ಣು ತೂಗುವುದು.
"ನೂರಕ್ಕೆ ಅರವತ್ತೆರಡು ಪಾಲು ಜೇಡಿ" ಎಂದು
ನೀಲಿ ಶಾಯಿಯಲ್ಲಿ ಬರೆದು ಸಹಿ ಹಾಕಿದವಳು ನಾನೇ.
ಹೋದ ಆಷಾಢ, ಹತ್ತಿಕುಣಿಯ ಆಚೆ,
ಆ ಅರವತ್ತೆರಡು ಪಾಲಿನಲ್ಲಿ
ನಾಲ್ಕೂ ಗಾಲಿ ತಿರುಗಿ ತಿರುಗಿ
ಜೀಪಿನ ಹೊಟ್ಟೆ ನೆಲಕ್ಕೆ ಹತ್ತಿ ಕೂತೆ.
ಬರೆದದ್ದು ನಿಜವಾಗಿತ್ತು. ಅಷ್ಟೇ ಸಮಾಧಾನ.

ಸಾಬಣ್ಣನ ಟ್ರ್ಯಾಕ್ಟರ್ ಬಂತು, ಸರಪಳಿ ಬಂತು.
"ಎಲ್ಲಿ ಹಾಕ್ಲಿರಿ?"
ಬಾಗಿ ನೋಡಿದೆ. ಬಂಪರಿನ ಕೆಳಗೆ
ಮಗುವಿನ ಕಾಲ್ಗಡಗದಷ್ಟು ಒಂದು ಕಬ್ಬಿಣದ ಬಳೆ.
"ಅಲ್ಲೇ ಹಾಕು" ಅಂದೆ.
ನನಗೇನು ಗೊತ್ತು, ಅದು
ಲಾರಿಯ ಮೇಲೆ ಜೀಪು ಅಲುಗದಂತೆ ಕಟ್ಟುವ ಬಳೆ,
ಹೂತದ್ದನ್ನು ಎಳೆಯುವುದಕ್ಕಲ್ಲ ಎಂದು.

ಸಪ್ಪಳ ಆಮೇಲೆ ಕೇಳಿಸಿತು.
ಮೊದಲು ಬದುವಿನ ಮೇಲೆ ಕೂತ ಹುಡುಗನ ಟೊಪ್ಪಿಗೆ ಹಾರಿತು.
ಗಾಳಿ ಅಂದುಕೊಂಡು ಅವನು ನಕ್ಕ.
ಬಳೆ ಅವನ ಹಿಂದಿನ ಜಾಲಿಯ ಬೊಡ್ಡೆಯಲ್ಲಿ
ಎರಡು ಬೆರಳು ಒಳಗೆ ಹೋಗಿತ್ತು.
ಕಿತ್ತು ತಂದು, ಮಣ್ಣಿನ ಚೀಲದಲ್ಲಿ ಹಾಕಿ
ಚೀಟಿ ಅಂಟಿಸಿದ್ದೇನೆ: ಊರು, ದಿನಾಂಕ, ಆಳ.
'ಷರಾ' ಎಂಬಲ್ಲಿ ಇನ್ನೂ ಏನೂ ಬರೆದಿಲ್ಲ.

ರುಕ್ಮೊದ್ದೀನ್ ಗುಂಡನ್ನು ಕಾಲಿನಿಂದ ತಳ್ಳುತ್ತಾನೆ.
"ಇದು ಟ್ರಾಲಿ ಜಗ್ಗಲಿಕ್ಕಿರಿ. ಸಿಕ್ಕ ಗಾಡಿಗಿ ಹಾಕಿದ್ರ
ಕುತಿಗಿ ಮುರೀತದ, ತೋಪಿನ ಗುಂಡಾಗ್ತದ."
ಕೊಕ್ಕೆ ಚೆಂದ. ಕೆಂಪು ಬಣ್ಣ, ಹೈದರಾಬಾದಿನ ಮಾಲು.
ಆದರೆ ಎಷ್ಟು ಟನ್ನು ತಡೆಯುತ್ತದೆ, ಎಲ್ಲೂ ಕೊರೆದಿಲ್ಲ.
ತನ್ನ ಅಳತೆ ಹೇಳದ ಕಬ್ಬಿಣವನ್ನು ನಾನು ನಂಬುವುದಿಲ್ಲ.
ಉಳಿದದ್ದು ಚೌಕ ಕೊಳವೆ, ಚಾಸಿಯ ಎರಡೂ ತೊಲೆಗೆ ಬೋಲ್ಟು,
ತುದಿಗೆ ಬಿಲ್ಲಿನಂಥ ಶಾಕಲ್, ಮೈಮೇಲೆ ಉಬ್ಬಿದ ಅಕ್ಷರ:
ನಾಲ್ಕೂ ಮುಕ್ಕಾಲು ಟನ್.
ಬೆಲೆ ಕೇಳಿ ಒಂದು ಲೋಟ ನೀರು ಕುಡಿದೆ.

"ಮುಂದಿಂದು ಬ್ಯಾಡೇನ್ರಿ?"
ಮುಂದಿನದು ಆಮೇಲೆ. ಹೂತವಳಿಗೆ
ಖಾತ್ರಿಯಿರುವ ಗಟ್ಟಿ ನೆಲ ಒಂದೇ,
ಬಂದ ದಾರಿ.

ಕಂದಕೂರ ಗುಡ್ಡದಲ್ಲಿ ಪಂಚಮಿಗೆ ಕಲ್ಲೆತ್ತಿದರೆ ಚೇಳು.
ಚಿಕ್ಕವಳಿದ್ದಾಗ ಒಂದನ್ನು ಅಂಗೈಗೆ ಹತ್ತಿಸಿಕೊಂಡಿದ್ದೆ.
ಅದೂ ಕೊಂಡಿಯನ್ನು ಹಿಂದೆಯೇ ಇಟ್ಟುಕೊಂಡಿತ್ತು,
ಎತ್ತಿ ಹಿಡಿದು, ಉಪಯೋಗಿಸದೆ.
ಮೊಣಕೈವರೆಗೆ ನಡೆದು ಇಳಿದು ಹೋಯಿತು.

ಜೀಪಿನ ಕೆಳಗಿಂದ ಈಗ ಅವನ ದನಿ ಮಾತ್ರ:
"ಪಿನ್ನು ಪೂರಾ ಬಿಗೀರಿ. ಆಮ್ಯಾಲ ಕಾಲು ಸುತ್ತು ಹಿಂದಕ ತಿರುವ್ರಿ.
ಇಲ್ಲಂದ್ರ ಭಾರ ಬಿದ್ದಾಗ ಹಿಡಕೊಂಡ ಕೂಡತದ,
ಸುತ್ತಿಗಿ ಹೊಡದ್ರೂ ಬರಂಗಿಲ್ಲ."
ಬಿಗಿದೆ. ಕಾಲು ಸುತ್ತು ಬಿಟ್ಟೆ.
ಇಷ್ಟು ವರ್ಷ ಎಷ್ಟೊಂದನ್ನು ಪೂರಾ ಬಿಗಿದೇ ಇಟ್ಟಿದ್ದೆ.

ಮೊದಲ ಸಲ ಅದು ಕೆಲಸಕ್ಕೆ ಬಂದದ್ದು ನಾನು ಹೂತಾಗಲ್ಲ.
ವಡಗೇರಾ ದಾರಿಯಲ್ಲಿ, ಕಳೆ ತೆಗೆಯುವ ಹೆಂಗಸರ ಟಂಟಂ,
ಮುಂಗಾಲಿ ಕಾಣದಷ್ಟು ಕೆಸರು.
ಹನ್ನೊಂದು ಮಂದಿ, ಕುರ್ಪಿ, ಬುತ್ತಿಗಂಟು, ಒಂದು ಕೂಸು.
"ದೂರ ಸರೀರಿ" ಎಂದು ಒದರಿದೆ.
ಹಗ್ಗದಷ್ಟು ದೂರ ನಡೆದು ನಿಂತು ತಿರುಗಿ ನೋಡಿದರು.
ಇನ್ನೂ ಅಷ್ಟು, ಎಂದೆ.
ನಗುತ್ತ ಹೋದರು. ಕೂಸಿನವಳು ನಗಲಿಲ್ಲ,
ಎಲ್ಲರಿಗಿಂತ ಆಚೆ, ಜಾಲಿಯ ಮರೆಗೆ ಹೋದಳು.
ಹಗ್ಗದ ನಡುವೆ ಒದ್ದೆ ಗೋಣಿ ಹೊದಿಸಿ
ಗೇರು ಹಾಕಿದೆ.